ಅಡುಗೆಗೆ ಯುನೆಸ್ಕೊ ಮಾನ್ಯತೆ, ಅಡುಗೆ ಬಡಿಸುವ ಊರಹಬ್ಬಕ್ಕೆ ಆಕ್ಷೇಪ: ಇಟಲಿಯ ‘ಸಾಗ್ರ’ ವಿವಾದ

2025ರ ಡಿಸೆಂಬರ್ 10ರಂದು ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿಯು ದೀಪಾವಳಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಮ್ಮಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಸಭೆ ಅದೇ ದಿನ ಇಟಲಿಯ ಅಡುಗೆ ಪದ್ಧತಿಯನ್ನೂ ಪಟ್ಟಿಗೆ ತೆಗೆದುಕೊಂಡಿತು. ಒಂದು ಖಾದ್ಯವನ್ನೋ ಒಂದು ಕಸುಬನ್ನೋ ಬಿಟ್ಟು, ದೇಶವೊಂದರ ಅಡುಗೆಯನ್ನು ಇಡಿಯಾಗಿ ಹೀಗೆ ಸೇರಿಸಿದ್ದು ಇದೇ ಮೊದಲು ಎಂದು ರೋಮ್‌ನ ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ಒಟ್ಟಿಗೆ ಕೂತು ಉಣ್ಣುವುದು, ಅಜ್ಜಿಯಿಂದ ಮೊಮ್ಮಗಳಿಗೆ ಕೈಅಳತೆ ದಾಟಿ ಬರುವುದು, ಉಳಿದದ್ದನ್ನು ಚೆಲ್ಲದೆ ಮತ್ತೊಂದು ಅಡುಗೆ ಮಾಡುವುದು, ಇವೇ ಆ ಪರಂಪರೆಯ ತಿರುಳು ಎಂದು ಇಟಲಿ ವಾದಿಸಿತ್ತು.

ಹೊರಗಿನಿಂದ ನೋಡುವವರಿಗೆ ಗೊಂದಲವಾಗುವುದು ಇದರ ಜೊತೆಗೇ ಬರುವ ಇನ್ನೊಂದು ಬಗೆಯ ಸುದ್ದಿಗಳಿಂದ. ಊರಿಗೆ ಊರೇ ಒಂದೇ ಮೇಜಿನ ಸಾಲಿನಲ್ಲಿ ಕೂತು ಉಣ್ಣುವ ಹಬ್ಬಕ್ಕೆ ಇಟಲಿಯಲ್ಲಿ ‘ಸಾಗ್ರ’ ಎಂದು ಹೆಸರು. ಅವುಗಳಲ್ಲಿ ಬಹಳಷ್ಟು ನಕಲಿ ಎಂದು ಹೋಟೆಲ್ ಮಾಲೀಕರ ಒಕ್ಕೂಟ ದೂರುತ್ತದೆ. ಕಾಗದಪತ್ರದ ಭಾರ ತಾಳಲಾರದೆ ಹಬ್ಬ ನಿಲ್ಲಿಸಿದೆವು ಎಂದು ಸ್ವಯಂಸೇವಕರು ಹೇಳುತ್ತಾರೆ. ಕೆಲವು ಪ್ರಾಂತ್ಯಗಳು ಹಬ್ಬ ಎಷ್ಟು ದಿನ ನಡೆಯಬಹುದು ಎಂದು ಕಾನೂನನ್ನೇ ಮಾಡಿವೆ. ಅಡುಗೆ ಜಗತ್ತಿನ ಪರಂಪರೆಯಾಗಿರುವಾಗ ಅದನ್ನು ಬಡಿಸುವ ಹಬ್ಬ ಮಾತ್ರ ಏಕೆ ತಕರಾರಿನ ವಸ್ತುವಾಯಿತು ಎಂಬುದನ್ನು ತಿಳಿಯಬೇಕಾದರೆ ಆ ಹಬ್ಬ ನಡೆಯುವ ಬಗೆಯಿಂದಲೇ ಶುರುಮಾಡಬೇಕು.

ಸಾಗ್ರ ನಡೆಯುವ ಬಗೆ

‘ಪವಿತ್ರ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರಿದು. ಮೂಲದಲ್ಲಿ ಸಾಗ್ರ ಎಂದರೆ ಊರಿನ ಚರ್ಚು ಪ್ರತಿಷ್ಠಾಪನೆಯಾದ ದಿನ, ಅಥವಾ ಊರನ್ನು ಕಾಯುವ ಸಂತನ ದಿನ. ಮೂರ್ತಿಯ ಮೆರವಣಿಗೆ, ಅದರ ಹಿಂದೆ ವಾದ್ಯ, ಚರ್ಚಿನ ಮುಂದಿನ ಅಂಗಳದಲ್ಲಿ ಸಂತೆ, ಸಂಜೆಗೆ ಊಟ ಮತ್ತು ಕುಣಿತ. ನಮ್ಮ ಜಾತ್ರೆಯನ್ನು ಕಂಡವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಲ ಕಳೆದಂತೆ ಸಂತ ಹಿಂದೆ ಸರಿದು, ಆ ಊರಿನಲ್ಲಿ ಬೆಳೆಯುವ ಅಥವಾ ಬೇಯುವ ಒಂದು ಪದಾರ್ಥ ಮುಂದೆ ಬಂತು. ಹಾಗಾಗಿ ಇಂದು ಸಾಗ್ರಗಳ ಹೆಸರು ಕೇಳಿದರೆ ತರಕಾರಿ ಅಂಗಡಿಯ ಪಟ್ಟಿ ಓದಿದಂತಾಗುತ್ತದೆ: ನೆಮಿಯಲ್ಲಿ ಸ್ಟ್ರಾಬೆರಿ, ಮರೀನೊದಲ್ಲಿ ದ್ರಾಕ್ಷಿ, ಅರಿಚ್ಚಾದಲ್ಲಿ ಮಸಾಲೆ ತುಂಬಿ ಇಡಿಯಾಗಿ ಸುಟ್ಟ ಹಂದಿ, ಲಿಗೂರಿಯಾ ಕರಾವಳಿಯ ಕಮೊಲ್ಲಿಯಲ್ಲಿ ಮೀನು.

ಸಾಮಾನ್ಯ ಸಾಗ್ರದ ಸಂಜೆ ಹೀಗಿರುತ್ತದೆ. ಚೌಕದಲ್ಲೋ ಆಟದ ಮೈದಾನದಲ್ಲೋ ಮರದ ಹಲಗೆಯ ಉದ್ದನೆಯ ಮೇಜುಗಳು, ಎರಡೂ ಬದಿಗೆ ಬೆಂಚುಗಳು. ಒಂದು ತುದಿಯಲ್ಲಿ ಗಲ್ಲಾ. ಅಲ್ಲಿ ಸಾಲು ನಿಂತು ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಟೆಂಟಿನ ಕೆಳಗಿನ ಅಡುಗೆಮನೆಯಲ್ಲಿ ಊರಿನ ಹೆಂಗಸರು, ನಿವೃತ್ತ ರೈತರು, ಪೋಸ್ಟಾಫೀಸಿನ ನೌಕರರು ಏಪ್ರನ್ ತೊಟ್ಟು ನಿಂತಿರುತ್ತಾರೆ. ಬಡಿಸುವವರು ಊರಿನ ಹೈಸ್ಕೂಲು ಮಕ್ಕಳು. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಊಟವಾದ ಮೇಲೆ ಅಕಾರ್ಡಿಯನ್ ನುಡಿಯುತ್ತದೆ, ಜೋಡಿ ಕುಣಿತ ಶುರುವಾಗುತ್ತದೆ. ಕೆಲವೆಡೆ ಜಿಡ್ಡು ಬಳಿದ ಕಂಬ ಹತ್ತಿ ತುದಿಗೆ ಕಟ್ಟಿದ ಹಂದಿತೊಡೆಯನ್ನು ಇಳಿಸುವ ಪಂದ್ಯವೂ ಉಂಟು. ಕಮೊಲ್ಲಿಯಲ್ಲಿ 1952ರಿಂದ ಮೇ ತಿಂಗಳ ಎರಡನೇ ಭಾನುವಾರ ಸುಮಾರು ನಾಲ್ಕು ಮೀಟರ್ ಅಗಲದ ಬಾಣಲೆಯಲ್ಲಿ ಮೀನು ಕರಿಯುತ್ತಾರೆ. ಮರೀನೊದಲ್ಲಿ ಅಕ್ಟೋಬರ್ ಮೊದಲ ಭಾನುವಾರ ಚೌಕದ ಕಾರಂಜಿಯಿಂದ ನೀರಿನ ಬದಲು ವೈನ್ ಹರಿಯುತ್ತದೆ. 2008ರಲ್ಲಿ ಕೊಳಾಯಿ ಜೋಡಿಸುವಾಗ ಆದ ತಪ್ಪಿನಿಂದ ಕಾರಂಜಿಯಲ್ಲಿ ನೀರೇ ಬಂದು, ಅಕ್ಕಪಕ್ಕದ ಕೆಲವು ಮನೆಗಳ ನಲ್ಲಿಗಳಲ್ಲಿ ವೈನ್ ಸುರಿಯಿತು. ಆ ಮನೆಯವರು ದೂರು ಕೊಡುವ ಅವಸರ ತೋರಿರಲಿಕ್ಕಿಲ್ಲ.

ಇದನ್ನೆಲ್ಲ ನಡೆಸುವುದು ಹೆಚ್ಚಿನ ಊರುಗಳಲ್ಲಿ ‘ಪ್ರೊ ಲೊಕೊ’ ಎಂಬ ಸ್ವಯಂಸೇವಾ ಸಂಘ. ‘ಊರಿಗಾಗಿ’ ಎಂಬುದೇ ಅದರ ಅರ್ಥ. ಇಂಥ ಮೊದಲ ಸಂಘ 1881ರಲ್ಲಿ, ಆಗಿನ್ನೂ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಟ್ರೆಂಟೀನೊ ಸೀಮೆಯ ಪಿಯೇವೆ ತೆಸೀನೊ ಎಂಬ ಬೆಟ್ಟದೂರಿನಲ್ಲಿ ಹುಟ್ಟಿತು. 1962ರಲ್ಲಿ ಸ್ಥಾಪನೆಯಾದ ಅವುಗಳ ರಾಷ್ಟ್ರೀಯ ಒಕ್ಕೂಟ ‘ಉನ್‌ಪ್ಲಿ’ಯಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು ಸಂಘಗಳಿವೆ. ಇಟಲಿಯಲ್ಲಿರುವ ಸ್ಥಳೀಯ ಆಡಳಿತಗಳು ಸುಮಾರು 7,900 ಎಂಬುದನ್ನು ನೆನೆದರೆ ಈ ಸಂಘಗಳ ಹರಹು ತಿಳಿಯುತ್ತದೆ.

ಎಷ್ಟು ಹಳೆಯದು ಈ ‘ಪುರಾತನ’ ಸಂಪ್ರದಾಯ?

ಸಾಗ್ರಗಳ ಭಿತ್ತಿಪತ್ರದಲ್ಲಿ ‘ಪುರಾತನ’, ‘ಅನಾದಿ’ ಎಂಬ ಪದಗಳು ಧಾರಾಳವಾಗಿ ಕಾಣುತ್ತವೆ. ನಕಲಿ ಯಾವುದು, ಅಸಲಿ ಯಾವುದು ಎಂಬ ಜಗಳದ ಬೇರು ಇಲ್ಲಿಯೇ ಇರುವುದರಿಂದ ಈ ಪದಗಳನ್ನು ಸ್ವಲ್ಪ ಒರೆಗೆ ಹಚ್ಚಬೇಕು.

ಸಂತರ ಹಬ್ಬಗಳು ನಿಜಕ್ಕೂ ಹಳೆಯವು. ಆದರೆ ಒಂದು ಪದಾರ್ಥದ ಹೆಸರಿನ ಸಾಗ್ರಗಳಲ್ಲಿ ಬಹುಪಾಲು ಇಪ್ಪತ್ತನೇ ಶತಮಾನದ ಕೂಸುಗಳು. ಮರೀನೊದ ದ್ರಾಕ್ಷಿ ಹಬ್ಬ 1925ರಲ್ಲಿ ಶುರುವಾದದ್ದು. 1930ರ ಸೆಪ್ಟೆಂಬರಿನಲ್ಲಿ ಮುಸೊಲಿನಿಯ ಸರ್ಕಾರ ದೇಶದಾದ್ಯಂತ ದ್ರಾಕ್ಷಿ ಹಬ್ಬ ಆಚರಿಸಿತು. ಬೆಳೆ ಹೆಚ್ಚಾಗಿ ಮಾರಾಟವಾಗದೆ ಉಳಿದಿದ್ದ ದ್ರಾಕ್ಷಿಯನ್ನು ಜನರಿಂದ ತಿನ್ನಿಸುವುದು ಅದರ ಒಂದು ಉದ್ದೇಶವಾದರೆ, ದುಡಿಯುವವರ ಬಿಡುವಿನ ವೇಳೆಯನ್ನೂ ಪಕ್ಷದ ಹಿಡಿತಕ್ಕೆ ತಂದು ಅದಕ್ಕೆ ಜನಪದ ವೇಷ ತೊಡಿಸುವುದು ಇನ್ನೊಂದು. ಎರಡನೇ ಮಹಾಯುದ್ಧದ ನಂತರ ಕಾರಣ ಬದಲಾಯಿತು. ಬೆಟ್ಟದೂರುಗಳ ಜನ ತುರಿನ್, ಮಿಲಾನ್‌ಗಳ ಕಾರ್ಖಾನೆಗೂ ಬೆಲ್ಜಿಯಂನ ಗಣಿಗಳಿಗೂ ಜರ್ಮನಿಗೂ ಗುಳೆ ಹೋದರು. ಅವರಿಗೆ ರಜೆ ಸಿಗುತ್ತಿದ್ದದ್ದು ಆಗಸ್ಟ್‌ನಲ್ಲಿ. ಅವರು ಊರಿಗೆ ಬರುವ ಆ ಎರಡು ವಾರಗಳಲ್ಲಿ ಊರು ಊರಾಗಿ ಕಾಣಬೇಕಾದರೆ ಒಂದು ಹಬ್ಬ ಬೇಕಿತ್ತು. ಇಂದಿಗೂ ಸಾಗ್ರಗಳು ಆಗಸ್ಟ್ 15ರ ಆಸುಪಾಸಿನಲ್ಲಿ ಮುತ್ತಿಕೊಂಡಿರುವುದಕ್ಕೆ ಕಾರ್ಖಾನೆಗಳ ಆ ರಜಾ ಪಟ್ಟಿ ದೊಡ್ಡ ಕಾರಣ.

ಇದಕ್ಕೆ ಅಮಾತ್ರಿಚೆಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಉಪ್ಪು ಹಚ್ಚಿ ಒಣಗಿಸಿದ ಹಂದಿಯ ಕೆನ್ನೆಯ ಮಾಂಸ, ಕುರಿಹಾಲಿನ ಚೀಸ್ ಮತ್ತು ಟೊಮೆಟೊದಿಂದ ಮಾಡುವ ‘ಅಮಾತ್ರಿಚಾನಾ’ ಸಾಸಿಗೆ ಹೆಸರು ಕೊಟ್ಟ ಊರು ಅದು. ಟೊಮೆಟೊ ಅಮೆರಿಕದಿಂದ ಬಂದದ್ದು. 2016ರ ಆಗಸ್ಟ್ 27 ಮತ್ತು 28ರಂದು ಅಲ್ಲಿ ಈ ಸಾಸಿನ 50ನೇ ಸಾಗ್ರ ನಡೆಯಬೇಕಿತ್ತು. ಆಗಸ್ಟ್ 24ರ ಬೆಳಗಿನ ಜಾವ 3 ಗಂಟೆ 36 ನಿಮಿಷಕ್ಕೆ ಭೂಮಿ ಕಂಪಿಸಿತು. ಸುತ್ತಿನ ಊರುಗಳೂ ಸೇರಿ 299 ಮಂದಿ ಸತ್ತರು. ರಜೆಗೆಂದು ಊರಿಗೆ ಮರಳಿದವರು, ಹಬ್ಬಕ್ಕೆಂದು ಬಂದ ನೆಂಟರು ಸೇರಿ ಮನೆಗಳು ತುಂಬಿದ್ದುದರಿಂದ ಸಾವು ಹೆಚ್ಚಿತು. ಅದಾದ ಮೇಲೆ ಹಲವು ದೇಶಗಳ ಹೋಟೆಲುಗಳು ಈ ಖಾದ್ಯದ ಪ್ರತಿ ತಟ್ಟೆಗೆ ಇಷ್ಟು ಎಂದು ಊರಿಗೆ ಹಣ ಕಳಿಸಿದವು. 2020ರಲ್ಲಿ ಐರೋಪ್ಯ ಒಕ್ಕೂಟ ಅದರ ಸಾಂಪ್ರದಾಯಿಕ ಪಾಕಕ್ಕೆ ಮಾನ್ಯತೆ ನೀಡಿತು. ಐವತ್ತು ವರ್ಷದ ಹಬ್ಬ ಪುರಾತನವೇನಲ್ಲ. ಆದರೂ ಅದನ್ನು ನಕಲಿ ಎನ್ನಲು ಯಾರಿಗೂ ಬಾಯಿ ಬಾರದು.

ಪಾರ್ಮಾ ವಿಶ್ವವಿದ್ಯಾಲಯದ ಇತಿಹಾಸಕಾರ ಆಲ್ಬೆರ್ತೊ ಗ್ರಾಂದಿ ಕೆಲವು ವರ್ಷಗಳಿಂದ ಹೇಳುತ್ತಿರುವುದೂ ಇದಕ್ಕೆ ಹತ್ತಿರದ ಮಾತು: ಸಾವಿರಾರು ವರ್ಷದ್ದೆಂದು ಇಟಾಲಿಯನ್ನರು ನಂಬಿರುವ ಖಾದ್ಯಗಳಲ್ಲಿ ಅನೇಕವು ಯುದ್ಧಾನಂತರ ರೂಪುಗೊಂಡವು. ಈ ಮಾತಿಗೆ ಅವರು ಸಾಕಷ್ಟು ಬೈಗುಳ ತಿಂದಿದ್ದಾರೆ. ಆದರೆ ಅವರ ಮಾತನ್ನು ಒಪ್ಪಿದರೂ ಸಾಗ್ರದ ಜಗಳ ತೀರುವುದಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆ ವಯಸ್ಸಿನದಲ್ಲ. ಯಾರು, ಯಾರಿಗಾಗಿ, ಯಾವ ನಿಯಮದಡಿ ಒಲೆ ಹಚ್ಚುತ್ತಾರೆ ಎಂಬುದು.

ಹೋಟೆಲಿನವರ ಸಿಟ್ಟಿಗೆ ಕಾರಣ

ಹೋಟೆಲ್ ಮತ್ತು ಬಾರ್ ಮಾಲೀಕರ ಒಕ್ಕೂಟವಾದ ‘ಫಿಪೆ’ಯ ಆಕ್ಷೇಪವನ್ನು ಕೇವಲ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. 2012ರ ಆರಂಭದಲ್ಲಿ ಆಡಳಿತವನ್ನು ಸರಳಗೊಳಿಸಲು ಹೊರಡಿಸಿದ ಐದನೇ ಸಂಖ್ಯೆಯ ಸುಗ್ರೀವಾಜ್ಞೆಯ 41ನೇ ವಿಧಿಯ ಪ್ರಕಾರ ಸಾಗ್ರ, ಸಂತೆ, ಧಾರ್ಮಿಕ ಅಥವಾ ಸಾಂಪ್ರದಾಯಿಕ ಕಾರ್ಯಕ್ರಮಗಳಲ್ಲಿ ತಾತ್ಕಾಲಿಕವಾಗಿ ಊಟ, ಪಾನೀಯ ಮಾರುವವರು ಸ್ಥಳೀಯ ಆಡಳಿತಕ್ಕೆ ಮುಂಚಿತವಾಗಿ ಒಂದು ಘೋಷಣೆ ಸಲ್ಲಿಸಿದರೆ ಸಾಕು. ಹೋಟೆಲು ತೆರೆಯುವವರಿಗೆ ಕಡ್ಡಾಯವಾದ ವೃತ್ತಿ ಅರ್ಹತೆ ಅವರಿಗೆ ಬೇಕಿಲ್ಲ. ಶುಚಿತ್ವದ ನಿಯಮಗಳಿಂದ ಅವರಿಗೆ ವಿನಾಯಿತಿ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು: ಆಹಾರ ಸುರಕ್ಷತೆಯ ಐರೋಪ್ಯ ನಿಯಮಗಳು ಟೆಂಟಿನ ಅಡುಗೆಮನೆಗೂ ಅನ್ವಯಿಸುತ್ತವೆ, ಆರೋಗ್ಯ ಇಲಾಖೆಗೆ ತಿಳಿಸುವುದೂ ಕಡ್ಡಾಯ.

ಈ ವಿಧಿಯ ತೊಡಕು ಅದು ಬಳಸಿದ ಅಳತೆಗೋಲಿನಲ್ಲಿದೆ. ಅದು ಕೇಳುವುದು ‘ತಾತ್ಕಾಲಿಕವೇ?’ ಎಂದು ಮಾತ್ರ. ಬೇಯುವ ಪದಾರ್ಥ ಆ ಊರಿನದೇ, ನಡೆಸುವವರು ಆ ಊರಿನವರೇ, ಲಾಭ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳನ್ನು ಅದು ಎತ್ತುವುದಿಲ್ಲ. ಹೀಗಾಗಿ ‘ಸಾಗ್ರ’ ಎಂಬ ಹೆಸರಿಗೆ ದೇಶಮಟ್ಟದಲ್ಲಿ ಬಿಗಿಯಾದ ವ್ಯಾಖ್ಯೆ ಇಲ್ಲದಂತಾಯಿತು. ಆ ಪದಕ್ಕೆ ಶತಮಾನಗಳಿಂದ ಅಂಟಿಕೊಂಡ ವಿಶ್ವಾಸವಿದೆ, ಬಳಸಲು ಶುಲ್ಕವಿಲ್ಲ. ಪರಿಣಾಮವಾಗಿ ಬೆಟ್ಟದ ಮೇಲಿನ ಊರಿನಲ್ಲಿ ಹೆಪ್ಪುಗಟ್ಟಿಸಿದ ಸಿಗಡಿಯ ಹಬ್ಬ, ಹಾಪ್ಸ್ ಗಿಡವನ್ನೇ ಕಾಣದ ಕಡೆ ಬಿಯರ್ ಹಬ್ಬ, ಟ್ರಕ್ಕುಗಳಲ್ಲಿ ಊರೂರು ಸುತ್ತುವ ವೃತ್ತಿಪರ ಅಡುಗೆಯವರು ‘ಸಾಂಪ್ರದಾಯಿಕ’ ಫಲಕದಡಿ ವಾರಗಟ್ಟಲೆ ನಡೆಸುವ ಊಟದ ವ್ಯಾಪಾರ, ಇವೂ ಅದೇ ಹೆಸರು ಹೊತ್ತವು. ಇವನ್ನೇ ಹೋಟೆಲಿನವರು ‘ಸುಳ್ಳು ಸಾಗ್ರ’ ಎನ್ನುವುದು.

ತೆರಿಗೆಯ ಲೆಕ್ಕವೂ ಅವರ ಪರವಾಗಿಯೇ ಮಾತಾಡುತ್ತದೆ. ಹವ್ಯಾಸಿ ಕ್ರೀಡಾ ಸಂಘಗಳಿಗೆಂದು 1991ರಲ್ಲಿ ಮಾಡಿದ 398ನೇ ಕಾನೂನಿನ ರಿಯಾಯಿತಿಯನ್ನು ಮರುವರ್ಷ ಪ್ರೊ ಲೊಕೊಗಳಿಗೂ ವಿಸ್ತರಿಸಲಾಯಿತು. ವರ್ಷದ ವಹಿವಾಟು 4 ಲಕ್ಷ ಯೂರೊ ಮೀರದ ಸಂಘವು ಸಂಗ್ರಹಿಸಿದ ವ್ಯಾಟ್‌ನಲ್ಲಿ ಅರ್ಧವನ್ನಷ್ಟೇ ಕಟ್ಟಿದರೆ ಸಾಕಿತ್ತು. ಆದಾಯ ತೆರಿಗೆಯನ್ನೂ ವಹಿವಾಟಿನ ಒಂದು ಸಣ್ಣ ಅಂಶದ ಮೇಲಷ್ಟೇ ಹಾಕಲಾಗುತ್ತಿತ್ತು. ಇದಕ್ಕೆ ಸಂಬಳವಿಲ್ಲದ ದುಡಿಮೆ ಮತ್ತು ಬಾಡಿಗೆಯಿಲ್ಲದ ಅಥವಾ ಕಡಿಮೆ ಬಾಡಿಗೆಯ ಚೌಕ ಸೇರಿದರೆ, ಒಂದು ತಟ್ಟೆ ಪಾಸ್ತಾಕ್ಕೆ ಹೋಟೆಲಿನವನು ಹಾಕುವ ಬೆಲೆಗೂ ಸಾಗ್ರದ ಬೆಲೆಗೂ ಇರುವ ಅಂತರಕ್ಕೆ ಬೇರೆ ವಿವರಣೆ ಬೇಡ. ಸಣ್ಣ ಊರಿನ ಹೋಟೆಲು ವರ್ಷದ ಹನ್ನೊಂದು ತಿಂಗಳು ನಾಲ್ಕು ಮೇಜುಗಳ ವ್ಯಾಪಾರದಲ್ಲಿ ಉಸಿರು ಹಿಡಿದುಕೊಂಡು ಆಗಸ್ಟ್‌ಗಾಗಿ ಕಾಯುತ್ತದೆ. ಸರಿಯಾಗಿ ಆಗಲೇ ಎದುರಿನ ಮೈದಾನದಲ್ಲಿ ಹತ್ತು ದಿನ ಅಗ್ಗದ ಊಟ ಬಡಿಸಿದರೆ ಅದರ ವರ್ಷದ ಲೆಕ್ಕವೇ ತಲೆಕೆಳಗಾಗಬಹುದು. ಆ ಹೋಟೆಲು ಮುಚ್ಚಿದರೆ ನವೆಂಬರಿನಲ್ಲಿ ಆ ಊರಿನಲ್ಲಿ ಒಂದು ಲೋಟ ಕಾಫಿಯೂ ಸಿಗುವುದಿಲ್ಲ.

ಊರಿನವರ ಉತ್ತರ

ಪ್ರೊ ಲೊಕೊಗಳ ಉತ್ತರ ಇದೇ ನವೆಂಬರಿನಿಂದ ಶುರುವಾಗುತ್ತದೆ. ಇಟಲಿಯ ಸ್ಥಳೀಯ ಆಡಳಿತಗಳಲ್ಲಿ ಸುಮಾರು ಶೇ 70ರಷ್ಟು, ಅಂದರೆ 5,500ರಷ್ಟು, 5,000ಕ್ಕಿಂತ ಕಡಿಮೆ ಜನಸಂಖ್ಯೆಯವು. ಆಸ್ಪತ್ರೆ, ಹೈಸ್ಕೂಲು, ರೈಲು ನಿಲ್ದಾಣಗಳಿಂದ ದೂರ ಉಳಿದ ‘ಒಳನಾಡು’ ಎಂದು ಸರ್ಕಾರ ಗುರುತಿಸಿದ ಪ್ರದೇಶಗಳಲ್ಲಿ 1 ಕೋಟಿ 30 ಲಕ್ಷದಷ್ಟು ಜನ ಬದುಕುತ್ತಾರೆ. 2025ರಲ್ಲಿ ಹೊರಬಂದ ಒಳನಾಡಿನ ರಾಷ್ಟ್ರೀಯ ಯೋಜನೆಯು, ಇವುಗಳಲ್ಲಿ ಕೆಲವು ಪ್ರದೇಶಗಳ ಜನಸಂಖ್ಯೆಯ ಕುಸಿತವನ್ನು ಹಿಂದಿರುಗಿಸುವ ಗುರಿ ಇಟ್ಟುಕೊಳ್ಳಲಾಗದು, ಇಳಿಮುಖದ ಹಾದಿಯಲ್ಲಿ ಅವುಗಳಿಗೆ ಜೊತೆಯಾಗಿ ಸಾಗಬೇಕಷ್ಟೆ ಎಂಬರ್ಥದ ಮಾತನ್ನು ಬರೆದದ್ದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಬಿಷಪ್ಪರೂ ಬಹಿರಂಗ ಪತ್ರ ಬರೆದು ವಿರೋಧಿಸಿದರು. ಸಾಯುವವರ ಹಾಸಿಗೆಯ ಪಕ್ಕದಲ್ಲಿ ಆಡುವ ಮಾತಿನಂತೆ ಆ ವಾಕ್ಯ ಹಳ್ಳಿಗರಿಗೆ ಕೇಳಿಸಿತು.

ಇಂಥ ಊರಿನಲ್ಲಿ ಸಾಗ್ರದ ಗಲ್ಲಾದಲ್ಲಿ ಬಿದ್ದ ದುಡ್ಡು ಚರ್ಚಿನ ಚಾವಣಿಗೆ, ವಾದ್ಯತಂಡದ ಸಮವಸ್ತ್ರಕ್ಕೆ, ಮಕ್ಕಳ ಆಟದ ಅಂಗಳಕ್ಕೆ, ಸ್ವಯಂಸೇವಕರ ಆಂಬುಲೆನ್ಸಿಗೆ ಹೋಗುತ್ತದೆ. ಬೇರೆ ಮೂಲದಿಂದ ಆ ಹಣ ಬರುವುದಿಲ್ಲ. ಅಷ್ಟೇ ಮುಖ್ಯವಾದದ್ದು ಹಣಕ್ಕೆ ಸಂಬಂಧಿಸದ ಇನ್ನೊಂದು ಕೆಲಸ: ಐನೂರು ಜನರಿಗೆ ಕೈಯಿಂದ ಪಾಸ್ತಾ ಲಟ್ಟಿಸುವ ವಾರದಲ್ಲಿ ಎಪ್ಪತ್ತರ ಹೆಂಗಸಿನ ಪಕ್ಕ ಹದಿನೇಳರ ಹುಡುಗಿ ನಿಲ್ಲುತ್ತಾಳೆ. ಮನೆಗಳಲ್ಲಿ ಈ ಪಾಠ ನಿಂತುಹೋಗಿ ಕಾಲವಾಗಿರುವುದರಿಂದ ಊರಿನ ಟೆಂಟೇ ಅದಕ್ಕೆ ಉಳಿದಿರುವ ಜಾಗ. ಸಾಗ್ರದ ರುಚಿ ಹಿಡಿದು ಚಳಿಗಾಲದಲ್ಲಿ ಮರಳಿ ಬರುವ ಪ್ರವಾಸಿ ಉಣ್ಣುವುದು ಹೋಟೆಲಿನಲ್ಲೇ, ಹಾಗಾಗಿ ಇಬ್ಬರ ಹಿತವೂ ಒಂದೇ ಎಂದೂ ಸಂಘಗಳು ವಾದಿಸುತ್ತವೆ. ಆ ಪ್ರವಾಸಿ ನಿಜಕ್ಕೂ ಮರಳಿ ಬರುತ್ತಾನೆಯೇ ಎಂಬ ಹೋಟೆಲಿನವನ ಅನುಮಾನವೂ ಸಹಜವೇ.

ಇದರ ಮೇಲೆ ಅಕ್ಕಪಕ್ಕದ ಊರುಗಳ ಪೈಪೋಟಿ ಬೇರೆ. ತನ್ನೂರಿನ ಗಂಟೆಗೋಪುರವೇ ಎತ್ತರ ಎಂಬ ಈ ಹಟಕ್ಕೆ ಇಟಾಲಿಯನ್ನಿನಲ್ಲಿ ‘ಕಂಪನಿಲಿಸ್ಮೊ’ ಎಂಬ ಪದವೇ ಇದೆ. ಕಣಿವೆಯ ಈಚೆಯ ಊರು ಅಣಬೆಯ ಹಬ್ಬ ಮಾಡಿದರೆ ಆಚೆಯ ಊರು ಚೆಸ್ಟ್‌ನಟ್ ಹಬ್ಬ ಮಾಡಲೇಬೇಕು. ಸಾಗ್ರಗಳ ಸಂಖ್ಯೆ ಏರಿದ್ದಕ್ಕೆ ವ್ಯಾಪಾರದ ಆಸೆಯಷ್ಟೇ ಈ ಹಟವೂ ಕಾರಣ; ಎಲ್ಲ ಹೊಸ ಹಬ್ಬಗಳನ್ನೂ ಮೋಸ ಎನ್ನಲು ಬಾರದಿರುವುದು ಇದರಿಂದಲೇ.

ತುರಿನ್‌ನ ಒಂದು ರಾತ್ರಿ

ಇಲ್ಲಿಯವರೆಗಿನದು ದುಡ್ಡಿನ ಜಗಳ. ಹಬ್ಬಗಳು ನಿಂತುಹೋಗುತ್ತಿರುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದ್ದು, ಅದು ಹಳ್ಳಿಗಳಿಗೆ ಸಂಬಂಧವೇ ಇಲ್ಲದ ಒಂದು ಘಟನೆಯಿಂದ ಹುಟ್ಟಿತು. 2017ರ ಜೂನ್ 3ರ ರಾತ್ರಿ ತುರಿನ್ ನಗರದ ಸಾನ್ ಕಾರ್ಲೊ ಚೌಕದಲ್ಲಿ ಯುವೆಂಟಸ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವಿನ ಫುಟ್‌ಬಾಲ್ ಫೈನಲನ್ನು ದೊಡ್ಡ ಪರದೆಯ ಮೇಲೆ ನೋಡಲು ಸಾವಿರಾರು ಜನ ಸೇರಿದ್ದರು. ಕಳ್ಳತನಕ್ಕೆಂದು ಬಂದಿದ್ದ ಯುವಕರ ತಂಡವೊಂದು ಕಣ್ಣುರಿಯುವ ಸ್ಪ್ರೇ ಬಳಸಿದ್ದರಿಂದ ಗಾಬರಿ ಹಬ್ಬಿ ಕಾಲ್ತುಳಿತವಾಯಿತು; ನೆಲದ ತುಂಬ ಒಡೆದ ಬಾಟಲಿ ಗಾಜು ಬಿದ್ದಿತ್ತು. 1,500ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಆ ಗಾಯಗಳಿಂದ ಸತ್ತರು. ವ್ಯವಸ್ಥೆಯ ಲೋಪಕ್ಕಾಗಿ ಆಗಿನ ಮೇಯರ್ ಮೇಲೂ ಮೊಕದ್ದಮೆ ನಡೆದು, 2021ರಲ್ಲಿ ಕೆಳ ನ್ಯಾಯಾಲಯ ಒಂದೂವರೆ ವರ್ಷದ ಶಿಕ್ಷೆ ವಿಧಿಸಿತು.

ಘಟನೆಯಾದ ನಾಲ್ಕನೇ ದಿನ ದೇಶದ ಪೊಲೀಸ್ ಮುಖ್ಯಸ್ಥ ಫ್ರಾಂಕೊ ಗಬ್ರಿಯೆಲ್ಲಿ ಸುತ್ತೋಲೆ ಹೊರಡಿಸಿದರು. ಜನಸಂದಣಿಯ ಮಿತಿ, ಬರುವ ಹೋಗುವ ಬೇರೆ ಬೇರೆ ದಾರಿಗಳು, ತಡೆಗೋಡೆ, ತುರ್ತು ಯೋಜನೆ, ತರಬೇತಿ ಪಡೆದ ಕಾವಲಿನವರು, ಗಾಜಿನ ಬಾಟಲಿ ನಿಷೇಧ ಇವೆಲ್ಲ ಅದರಲ್ಲಿದ್ದವು. ವೇದಿಕೆ, ವಿದ್ಯುತ್ತು, ದಾರಿಗಳಂಥ ಜಾಗದ ಸುರಕ್ಷತೆ ಆಯೋಜಕರ ಹೊಣೆ, ಸಾರ್ವಜನಿಕ ಶಾಂತಿ ಪೊಲೀಸರ ಹೊಣೆ ಎಂದು ಅದು ಗೆರೆ ಎಳೆಯಿತು. ದೊಡ್ಡ ಚೌಕಕ್ಕೆ ಹೊಲಿದ ಆ ಅಂಗಿಯನ್ನು ಮುನ್ನೂರು ಮನೆಯ ಊರಿಗೂ ತೊಡಿಸಲಾಯಿತು, ಏಕೆಂದರೆ ಕಡಿಮೆ ಕೇಳಿ ನಾಳೆ ಅನಾಹುತವಾದರೆ ಕಟಕಟೆ ಹತ್ತಬೇಕಾದವರು ತಾವು ಎಂಬ ಭಯ ಅಧಿಕಾರಿಗಳಿಗೂ ಮೇಯರುಗಳಿಗೂ ಇತ್ತು. ಎಂಜಿನಿಯರಿನ ಸಹಿ, ಕಾಂಕ್ರೀಟ್ ತಡೆಗಳು, ಅಗ್ನಿಶಾಮಕ ವ್ಯವಸ್ಥೆ ಇವುಗಳ ಖರ್ಚೇ ಹಬ್ಬದ ಆದಾಯವನ್ನು ನುಂಗುವ ಸ್ಥಿತಿ ಬಂತು. ಆ ಬೇಸಿಗೆಯಲ್ಲಿ ದೇಶದ ಹಲವೆಡೆ ಸಾಗ್ರಗಳು ರದ್ದಾದವು.

ನಿಯಮಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಸಡಿಲಿಸುವ ಇನ್ನೊಂದು ಸುತ್ತೋಲೆ 2018ರ ಜುಲೈ 18ರಂದು ಬಂತು. ಅದಕ್ಕೆ ಸಹಿ ಹಾಕಿದವರು ಆಗ ಗೃಹ ಸಚಿವಾಲಯದ ಹಿರಿಯ ಅಧಿಕಾರಿಯಾಗಿದ್ದ, 2022ರಲ್ಲಿ ಗೃಹ ಸಚಿವರೇ ಆದ ಮತ್ತೆಯೊ ಪಿಯಾಂತೆದೋಸಿ. ಬಿಗಿ ಸಡಿಲವಾಯಿತು, ಭಯ ಹೋಗಲಿಲ್ಲ.

ವಿವಾದದ ವಿಚಿತ್ರ ಇಲ್ಲಿ ಎದ್ದು ಕಾಣುತ್ತದೆ. 2012ರ ಕಾನೂನು ಬಾಗಿಲನ್ನು ಎಲ್ಲರಿಗೂ ತೆರೆಯಿತು, 2017ರ ನಂತರದ ನಿಯಮಗಳು ಅದೇ ಬಾಗಿಲನ್ನು ಕಿರಿದಾಗಿಸಿದವು. ಆದರೆ ಕಿರಿದಾದ ಬಾಗಿಲಲ್ಲಿ ನುಸುಳುವ ಶಕ್ತಿ ಇರುವುದು ಯಾರಿಗೆ? ಎಂಜಿನಿಯರಿಗೆ ಹಣ ಕೊಡಬಲ್ಲ, ವರ್ಷವಿಡೀ ಅರ್ಜಿ ತುಂಬುವ ಗುಮಾಸ್ತರನ್ನು ಇಟ್ಟುಕೊಳ್ಳಬಲ್ಲ, ಹದಿನೈದು ದಿನ ಗಲ್ಲಾ ತೆರೆದು ಖರ್ಚು ಹಂಚಿಕೊಳ್ಳಬಲ್ಲ ದೊಡ್ಡ ವ್ಯಾಪಾರಿ ಕಾರ್ಯಕ್ರಮಗಳಿಗೆ. ಎರಡು ಸಂಜೆ ಮಾತ್ರ ನಡೆಯುವ, ಬಂದ ಹಣವೆಲ್ಲ ಚರ್ಚಿನ ಚಾವಣಿಗೆ ಹೋಗುವ ಸಣ್ಣ ಸಾಗ್ರ ಹೊರಗುಳಿಯುತ್ತದೆ. ಹೋಟೆಲಿನವರು ತಡೆಯಬೇಕೆಂದಿದ್ದದ್ದು ಉಳಿಯಿತು, ಯಾರಿಗೂ ತೊಂದರೆಯಾಗದಿದ್ದದ್ದು ಜರಡಿಯಲ್ಲಿ ಉದುರಿತು. ನಕಲಿಯನ್ನು ತಡೆಯಲು ಇನ್ನಷ್ಟು ನಿಯಮ ಬೇಕೆನ್ನುವ ವಾದ ಈ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಯುನೆಸ್ಕೊ ಪಟ್ಟಿಯ ಮಿತಿ

ಅಮೂರ್ತ ಪರಂಪರೆಯ ರಕ್ಷಣೆಗೆಂದು ಮಾಡಿದ 2003ರ ಒಪ್ಪಂದದಡಿ ಯುನೆಸ್ಕೊ ಗುರುತಿಸುವುದು ಆಚರಣೆಯನ್ನು ಮತ್ತು ಅದನ್ನು ಆಚರಿಸುವ ಸಮುದಾಯವನ್ನು. ಅದು ಯಾವ ಪಾಕವನ್ನೂ ಪ್ರಮಾಣೀಕರಿಸುವುದಿಲ್ಲ, ಯಾವ ಹೆಸರಿಗೂ ಏಕಸ್ವಾಮ್ಯ ಕೊಡುವುದಿಲ್ಲ. ಪಾರ್ಮೆಸಾನ್ ಚೀಸಿಗೆ ಐರೋಪ್ಯ ಒಕ್ಕೂಟ ಕೊಡುವಂಥ ಹೆಸರಿನ ರಕ್ಷಣೆ ಇದರಿಂದ ಸಿಗದು. ಪಟ್ಟಿಯಲ್ಲಿ ಸೇರಿರುವುದರಿಂದ ಸಾಗ್ರಕ್ಕೆ ಅನುಮತಿ ಸುಲಭವಾಗುವುದೂ ಇಲ್ಲ, ‘ಸುಳ್ಳು ಸಾಗ್ರ’ ನಿಲ್ಲುವುದೂ ಇಲ್ಲ. ಆಚರಣೆಯನ್ನು ಜೀವಂತವಾಗಿಡುವ ಹೊಣೆಯನ್ನು ಸರ್ಕಾರ ಜಗತ್ತಿನ ಮುಂದೆ ಒಪ್ಪಿಕೊಂಡಿದೆ ಎಂಬುದಷ್ಟೇ ಇದರ ಅರ್ಥ.

ಉನ್‌ಪ್ಲಿಗೆ ಈ ವಿಷಯ ಹೊಸದಲ್ಲ. 2012ರಿಂದಲೇ ಅದು ಅಮೂರ್ತ ಪರಂಪರೆಯ ಕ್ಷೇತ್ರದಲ್ಲಿ ಯುನೆಸ್ಕೊ ಮಾನ್ಯತೆ ಪಡೆದ ಸಂಸ್ಥೆ. ಹೊಸ ಮನ್ನಣೆಯ ನಿಜವಾದ ವಾರಸುದಾರರು ಹಳ್ಳಿಯ ಅಡುಗೆಮನೆಗಳೇ ಎಂದು ಸಂಘಗಳು ಹೇಳಿದರೆ, ಪರಂಪರೆಯನ್ನು ವರ್ಷವಿಡೀ ಉಳಿಸಿಕೊಂಡು ಬಂದದ್ದು ತಮ್ಮ ಹೋಟೆಲುಗಳು ಎಂದು ಮಾಲೀಕರು ಹೇಳುತ್ತಾರೆ. ಎರಡು ಕಡೆಯವರಿಗೂ ಈಗ ಒಂದೇ ಬಿರುದನ್ನು ಬೀಸುವ ಅವಕಾಶ ಸಿಕ್ಕಿದೆ.

ಪ್ರಾಂತ್ಯಗಳು ಹುಡುಕಿದ ದಾರಿ

ರೋಮ್ ವ್ಯಾಖ್ಯೆ ಕೊಡದಿದ್ದ ಕಡೆ ಪ್ರಾಂತ್ಯಗಳು ಕೈಹಾಕಿವೆ. ಉಂಬ್ರಿಯಾ 2015ರಲ್ಲಿ ಸಾಗ್ರ ಮತ್ತು ಜನಪದ ಹಬ್ಬಗಳಿಗೆಂದೇ ಪ್ರತ್ಯೇಕ ಕಾನೂನು ತಂದು, ದಿನಗಳಿಗೆ ಮಿತಿ ಹಾಕಿ, ಬಡಿಸುವ ಊಟಕ್ಕೂ ಆ ನೆಲಕ್ಕೂ ನಂಟಿರಬೇಕೆಂದಿತು. ಲೊಂಬಾರ್ದಿಯಾದಲ್ಲಿ ವರ್ಷದ ಹಬ್ಬಗಳನ್ನು ಮುಂಚೆಯೇ ಪಟ್ಟಿ ಮಾಡುವ ಪದ್ಧತಿ ಇದೆ. ಉನ್‌ಪ್ಲಿ ತಾನೇ 2018ರಲ್ಲಿ ‘ಗುಣಮಟ್ಟದ ಸಾಗ್ರ’ ಎಂಬ ಮುದ್ರೆ ಆರಂಭಿಸಿತು; ಪದಾರ್ಥದ ಸ್ಥಳೀಯತೆ, ಹಬ್ಬದ ಇತಿಹಾಸ, ಸ್ಥಳೀಯ ವ್ಯಾಪಾರಿಗಳ ಸಹಭಾಗಿತ್ವ ಇವನ್ನು ನೋಡಿ ಅದನ್ನು ಕೊಡಲಾಗುತ್ತದೆ. ಈ ಮೂರರಲ್ಲಿ ಕೊನೆಯ ಷರತ್ತು ಹೆಚ್ಚು ಫಲ ಕೊಡುವಂಥದ್ದು. ಊರಿನ ಹೋಟೆಲಿನವನಿಗೂ ಟೆಂಟಿನಲ್ಲಿ ಒಂದು ಜಾಗ, ಊರಿನ ಕಟುಕನಿಂದಲೇ ಮಾಂಸ, ಊರಿನ ಬೇಕರಿಯಿಂದಲೇ ಬ್ರೆಡ್ಡು ಎಂದಾದ ಕಡೆ ಜಗಳದ ಕಾವು ತಾನಾಗಿ ತಗ್ಗುತ್ತದೆ. ಆದರೆ ಮುದ್ರೆ ಸ್ವಯಂಪ್ರೇರಿತ. ಅದು ಇಲ್ಲದವರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ.

ಮುಂದೆ ಆಗಬಹುದಾದದ್ದು

ಸದ್ಯದ ಗತಿ ಹೀಗೇ ಮುಂದುವರಿದರೆ ಹಬ್ಬಗಳ ಸಂಖ್ಯೆಗಿಂತ ಅವುಗಳ ಹಂಚಿಕೆ ಬದಲಾಗುವ ಸಾಧ್ಯತೆ ಹೆಚ್ಚು. ಹೆದ್ದಾರಿಗೆ ಹತ್ತಿರದ, ವಾಹನ ನಿಲ್ಲಿಸಲು ಜಾಗವಿರುವ, ಜಾಹೀರಾತುದಾರರು ಸಿಗುವ ಊರುಗಳ ಸಾಗ್ರಗಳು ಬೆಳೆಯುತ್ತವೆ. ಯುನೆಸ್ಕೊ ಹೆಸರು ತರುವ ಪ್ರವಾಸಿಗರು ಹೋಗುವುದೂ ಅಲ್ಲಿಗೇ. ಒಳನಾಡಿನ ಸಣ್ಣ ಊರುಗಳು ಎರಡು ಮೂರು ಸೇರಿ ಒಂದು ಹಬ್ಬ ಮಾಡಬೇಕಾಗಬಹುದು. ಗಂಟೆಗೋಪುರದ ಹಟ ಅದಕ್ಕೆ ಎಷ್ಟು ಅವಕಾಶ ಕೊಡುತ್ತದೆ ಎಂಬುದು ಊರಿಂದೂರಿಗೆ ಬೇರೆ.

ಲೆಕ್ಕಪತ್ರದ ಕಡೆಯಿಂದಲೂ ಬದಲಾವಣೆ ಬಂದಿದೆ. 2017ರ ‘ಮೂರನೇ ವಲಯ’ದ ಸಂಹಿತೆಯು ಲಾಭರಹಿತ ಸಂಘಗಳನ್ನೆಲ್ಲ ಒಂದೇ ರಾಷ್ಟ್ರೀಯ ನೋಂದಣಿಯಡಿ ತರಲು ಹೊರಟಿತು, ಆ ನೋಂದಣಿ 2021ರ ನವೆಂಬರಿನಲ್ಲಿ ಶುರುವಾಯಿತು. ಅದರಲ್ಲಿ ಸೇರಿದ ಪ್ರೊ ಲೊಕೊಗಳಿಗೆ 2026ರಿಂದ ಹೊಸ ತೆರಿಗೆ ಪದ್ಧತಿ ಅನ್ವಯಿಸುತ್ತದೆ, 1991ರ ರಿಯಾಯಿತಿ ಅವುಗಳಿಗೆ ಸಿಗದು. ಪಾರದರ್ಶಕತೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಹೋಟೆಲಿನವರ ದೂರಿನ ಒಂದು ಭಾಗಕ್ಕೂ ಉತ್ತರ. ಆದರೆ ನೋಂದಣಿಗೆ ತಿದ್ದಿದ ಬೈಲಾ ಬೇಕು, ನಿಗದಿತ ನಮೂನೆಯ ವಾರ್ಷಿಕ ಲೆಕ್ಕ ಬೇಕು, ಅದನ್ನು ಬರೆಯುವ ಲೆಕ್ಕಿಗ ಬೇಕು. ಅಡುಗೆಗೆ ಕೈಜೋಡಿಸಲು ಊರಿನಲ್ಲಿ ಇನ್ನೂ ಜನ ಸಿಗುತ್ತಾರೆ, ಕಾಗದದ ಕೆಲಸಕ್ಕೆ ಸಿಗುವುದು ಕಷ್ಟ.

ಎಲ್ಲಕ್ಕಿಂತ ಕಷ್ಟದ ಜಾಗ ಅಧ್ಯಕ್ಷರ ಕುರ್ಚಿ. ಇಟಲಿಯ ನಾಗರಿಕ ಸಂಹಿತೆಯ 38ನೇ ವಿಧಿಯ ಪ್ರಕಾರ, ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿತ್ವ ಪಡೆಯದ ಸಂಘದ ಪರವಾಗಿ ವ್ಯವಹರಿಸಿದವರು ಅದರ ಬಾಧ್ಯತೆಗಳಿಗೆ ತಮ್ಮ ಸ್ವಂತ ಆಸ್ತಿಯಿಂದಲೂ ಹೊಣೆ. ಎರಡು ಸಂಜೆಯ ಊಟಕ್ಕಾಗಿ ಚೌಕದ ಅನುಮತಿ, ಆಹಾರದ ಘೋಷಣೆ, ತುರ್ತು ಯೋಜನೆ, ಸಂಗೀತದ ಪರವಾನಗಿ, ತೆರಿಗೆಯ ಲೆಕ್ಕ ಇವೆಲ್ಲದರ ಕೆಳಗೆ ಸಹಿ ಹಾಕುವುದು ಅಂಥ ಊರುಗಳಲ್ಲಿ ಸಾಮಾನ್ಯವಾಗಿ ಒಬ್ಬ ನಿವೃತ್ತ ಶಿಕ್ಷಕ ಅಥವಾ ರೈತ, ತನ್ನ ಮನೆ ಹೊಲವನ್ನು ಪಣಕ್ಕಿಟ್ಟು. ವಸಂತದಲ್ಲಿ ಸಂಘದ ಸಭೆ ಸೇರಿದಾಗ ಈ ಸಲ ಏನು ಬೇಯಿಸಬೇಕು ಎಂಬುದರ ಬಗ್ಗೆ ಚರ್ಚೆ ಬೇಗ ಮುಗಿಯುತ್ತದೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವುದೇ. ಅರ್ಜಿಯ ಕೆಳಗೆ ಯಾರ ಹೆಸರು ಬರೆಯುವುದು ಎಂಬಲ್ಲಿ ಮಾತು ನಿಲ್ಲುತ್ತದೆ.